ಕಾಂತಧ್ರುವಗಳು ಅದಲುಬದಲಾದರೆ ಪ್ರಳಯವೇ?

2012ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆ ಎಂದು ಟಿವಿಯಲ್ಲಿ ಚರ್ಚೆಗಳ ಮೇಲೆ ಚರ್ಚೆ ನಡೆದದ್ದು ಬಹಳ ಜನರಿಗೆ ನೆನಪಿರಬಹುದು. ಆಗ ಹೇಳಿದ ಕಾರಣಗಳಲ್ಲಿ ಒಂದು, ಭೂಮಿಯ ಉತ್ತರ-ದಕ್ಷಿಣ ಧ್ರುವಗಳು ಅದಲುಬದಲಾಗುತ್ತವೆ ಎಂಬುದು. ಆ ದಿನಾಂಕ ಕಳೆದುಹೋಯಿತು, ಕಾರಣ ಮಾತ್ರ ಉಳಿದುಕೊಂಡಿತು. ವಾಟ್ಸ್‌ಆ್ಯಪ್‌ನಲ್ಲಿ, ಯೂಟ್ಯೂಬ್‌ನಲ್ಲಿ ಇವತ್ತಿಗೂ ಅದು ಹೊಸ ಸುದ್ದಿಯಂತೆ ಓಡಾಡುತ್ತಿದೆ: ಧ್ರುವಗಳು ಜಾರುತ್ತಿವೆ, ಕಾಂತಕವಚ ಕುಸಿಯುತ್ತಿದೆ, ವಿಕಿರಣಕ್ಕೆ ಸಿಕ್ಕಿ ಜೀವಸಂಕುಲ ನಾಶವಾಗಲಿದೆ.

ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಯಾಕೆಂದರೆ ಒಳಗೊಂದು ನಿಜ ಇದೆ. ಭೂಮಿಯ ಕಾಂತಧ್ರುವಗಳು ಹಿಂದೆ ನೂರಾರು ಸಲ ಅದಲುಬದಲಾಗಿವೆ, ಮುಂದೆಯೂ ಆಗುತ್ತವೆ. ಆ ನಿಜಕ್ಕೆ ಅಂಟಿಕೊಂಡಿರುವ ಸುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಹೆದರಬೇಕಾದದ್ದು ಯಾವುದಕ್ಕೆ, ಹೆದರಬೇಕಿಲ್ಲದ್ದು ಯಾವುದಕ್ಕೆ ಎಂಬುದು ಆಗಲೇ ಗೊತ್ತಾಗುವುದು.

ತಪ್ಪು ಕಲ್ಪನೆ: ಭೂಮಿಯೇ ಮಗುಚಿಕೊಳ್ಳುತ್ತದೆ

ಮಗುಚುವುದು ಭೂಮಿಯ ಕಾಂತಕ್ಷೇತ್ರ. ಭೂಮಿ ಇದ್ದ ಹಾಗೇ ಇರುತ್ತದೆ. ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ, ಮುಂಗಾರು ನೈಋತ್ಯದಿಂದಲೇ ಬರುತ್ತದೆ.

ಭೂಮಿ ತಿರುಗುವ ಅಕ್ಷದ ಎರಡು ತುದಿಗಳು ಭೌಗೋಳಿಕ ಧ್ರುವಗಳು. ಕಾಂತಧ್ರುವಗಳೇ ಬೇರೆ. ನಮ್ಮ ಕಾಲಡಿ ಸುಮಾರು 2,900 ಕಿ.ಮೀ. ಆಳದಲ್ಲಿ ಭೂಮಿಯ ಹೊರತಿರುಳು ಶುರುವಾಗುತ್ತದೆ. ಅದು ಕರಗಿದ ಕಬ್ಬಿಣ ಮತ್ತು ನಿಕ್ಕಲ್‌ನ ಕಡಲು. ಒಳಗಿನ ಬಿಸಿಗೆ ಆ ಲೋಹ ಮೇಲೇಳುತ್ತ, ತಣಿದು ಇಳಿಯುತ್ತ, ಭೂಮಿಯ ತಿರುಗುವಿಕೆಗೆ ಸಿಕ್ಕಿ ಸುರುಳಿ ಸುತ್ತುತ್ತ ಹರಿಯುತ್ತದೆ. ವಿದ್ಯುತ್ ಹಾಯುವ ದ್ರವ ಹೀಗೆ ಹರಿದಾಗ ಡೈನಮೊದಲ್ಲಿ ಆಗುವಂತೆ ಕಾಂತಕ್ಷೇತ್ರ ಹುಟ್ಟುತ್ತದೆ. ಹರಿವು ಒಂದೇ ಸಮ ಇಲ್ಲದ್ದರಿಂದ ಕ್ಷೇತ್ರವೂ ಒಂದೇ ಸಮ ಇರುವುದಿಲ್ಲ. ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ 1831ರ ಜೂನ್ 1ರಂದು ಕೆನಡಾದ ಬೂಥಿಯಾ ಪರ್ಯಾಯದ್ವೀಪದಲ್ಲಿ ಉತ್ತರ ಕಾಂತಧ್ರುವವನ್ನು ಗುರುತಿಸಿದ್ದ. 1904ರಲ್ಲಿ ನಾರ್ವೆಯ ಅನ್ವೇಷಕ ಅಮುಂಡ್ಸೆನ್ ತಂಡ ಅಳೆಯುವ ಹೊತ್ತಿಗೆ ಅದು ಆ ಜಾಗ ಬಿಟ್ಟು ಸರಿದಿತ್ತು. ಇವತ್ತು ಅದು ಆರ್ಕ್ಟಿಕ್ ಸಾಗರದಲ್ಲಿ ಸೈಬೀರಿಯಾದ ಕಡೆಗೆ ಹೊರಟಿದೆ.

ಭೂಮಿಯ ಇಡೀ ಹೊರಪದರವೇ ಜಾರಿ ಧ್ರುವಗಳು ಸಮಭಾಜಕಕ್ಕೆ ಬರುತ್ತವೆ ಎಂಬ ವಾದಕ್ಕೂ ಒಂದು ಮೂಲವಿದೆ. ಅಮೆರಿಕದ ಇತಿಹಾಸ ಅಧ್ಯಾಪಕ ಚಾರ್ಲ್ಸ್ ಹ್ಯಾಪ್‌ಗುಡ್ 1958ರ ತಮ್ಮ ಪುಸ್ತಕದಲ್ಲಿ ಅದನ್ನು ಮಂಡಿಸಿದ್ದರು. ಅದಕ್ಕೆ ಮುನ್ನುಡಿ ಬರೆದವರು ಐನ್‌ಸ್ಟೈನ್. ಆ ಹೆಸರಿನ ಬಲದಿಂದಲೇ ಆ ವಾದ ಇನ್ನೂ ಚಲಾವಣೆಯಲ್ಲಿದೆ. ಆದರೆ ಮುಂದಿನ ಹತ್ತೇ ವರ್ಷಗಳಲ್ಲಿ ಭೂಫಲಕಗಳ ಚಲನೆ ಸಾಬೀತಾಗಿ, ಹ್ಯಾಪ್‌ಗುಡ್ ಹೇಳಿದ ಹಠಾತ್ ಜಾರುವಿಕೆಗೆ ಜಾಗವೇ ಇಲ್ಲವಾಯಿತು.

ತಪ್ಪು ಕಲ್ಪನೆ: ಯಾರೂ ಕಣ್ಣಾರೆ ಕಂಡಿಲ್ಲ, ಹಾಗಾಗಿ ಇದೆಲ್ಲ ಊಹೆ

ಕಂಡವರಿಲ್ಲ, ನಿಜ. ಆದರೆ ಸಾಕ್ಷಿ ಕಲ್ಲಿನಲ್ಲಿದೆ. ಆ ಕಲ್ಲು ನಮ್ಮ ಉತ್ತರ ಕರ್ನಾಟಕದಲ್ಲೇ ಧಾರಾಳವಾಗಿದೆ.

ಲಾವಾ ಹರಿದು ತಣಿಯುವಾಗ ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಹರಳುಗಳಿರುತ್ತವೆ. ಬಿಸಿ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಈ ಹರಳುಗಳು ಆ ಕ್ಷಣದ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದುಕೊಳ್ಳುತ್ತವೆ. ಕಲ್ಲು ಪೂರ್ತಿ ತಣಿದ ಮೇಲೆ ಆ ದಿಕ್ಕು ಕೋಟ್ಯಂತರ ವರ್ಷ ಅಳಿಯದೆ ಉಳಿಯಬಲ್ಲದು. ಫ್ರಾನ್ಸಿನ ಬರ್ನಾರ್ ಬ್ರೂನ್ ಎಂಬ ಭೌತವಿಜ್ಞಾನಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪೋಂಟ್‌ಫರೀನ್ ಎಂಬಲ್ಲಿ ಒಂದು ಹಳೆಯ ಲಾವಾ ಪದರವನ್ನೂ, ಅದರ ಬಿಸಿಗೆ ಬೆಂದ ಅಡಿಯ ಜೇಡಿಮಣ್ಣನ್ನೂ ಅಳೆದರು. ಎರಡರಲ್ಲೂ ದಿಕ್ಕು ಇಂದಿನದಕ್ಕೆ ತಿರುಗುಮುರುಗಾಗಿತ್ತು. ಬರೀ ಲಾವಾದಲ್ಲಿ ಹಾಗಿದ್ದರೆ ಅದು ಆ ಕಲ್ಲಿನದೇ ವಿಚಿತ್ರ ಗುಣ ಎನ್ನಬಹುದಿತ್ತು. ಬೇರೆಯೇ ಜಾತಿಯ ಮಣ್ಣೂ ಅದನ್ನೇ ಹೇಳಿದ್ದರಿಂದ, ಆ ಕಾಲದಲ್ಲಿ ಭೂಮಿಯ ಕ್ಷೇತ್ರವೇ ತಿರುಗಿತ್ತು ಎನ್ನದೆ ಬೇರೆ ದಾರಿ ಇರಲಿಲ್ಲ. 1929ರಲ್ಲಿ ಜಪಾನಿನ ಮೊಟೊನೊರಿ ಮತುಯಾಮ ತಮ್ಮ ದೇಶದ ಬಸಾಲ್ಟ್ ಶಿಲೆಗಳಿಂದ ಇದೇ ಮಾತನ್ನು ಗಟ್ಟಿ ಮಾಡಿದರು. ತೀರಾ ಈಚಿನ, ಅಂದರೆ ಸುಮಾರು 7 ಲಕ್ಷ 80 ಸಾವಿರ ವರ್ಷ ಹಿಂದಿನ ಅದಲುಬದಲಿಗೆ ಈ ಇಬ್ಬರ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ನಮ್ಮ ಕಪ್ಪುಕಲ್ಲಿಗೆ ಬರೋಣ. ವಿಜಯಪುರದ ಗೋಲಗುಮ್ಮಟ ಕಟ್ಟಿದ್ದು, ಬೆಳಗಾವಿ, ಕಲಬುರಗಿ, ಬೀದರ್ ಸೀಮೆಯ ಎರೆಭೂಮಿಯ ಅಡಿಯಲ್ಲಿರುವುದು ದಖನ್ ಲಾವಾ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಭಾರತ ಇನ್ನೂ ಸಮಭಾಜಕದ ದಕ್ಷಿಣಕ್ಕೆ ಇಂದಿನ ರೀಯೂನಿಯನ್ ದ್ವೀಪದ ಆಸುಪಾಸಿನಲ್ಲಿದ್ದಾಗ, ಅಲೆಯ ಮೇಲೆ ಅಲೆಯಾಗಿ ಉಕ್ಕಿ ಹರಿದ ಲಾವಾ ಅದು. 1950ರ ದಶಕದಲ್ಲಿ ಬ್ರಿಟನ್ನಿನ ತಂಡಗಳೂ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಈ ಕಲ್ಲುಗಳ ಕಾಂತತೆಯನ್ನು ಅಳೆದರು. ಕೆಲಸ ಹೇಳುವಷ್ಟು ಸುಲಭದ್ದಲ್ಲ. ಬಂಡೆಯಿಂದ ಮಾದರಿ ತೆಗೆಯುವ ಮೊದಲೇ ಅದರ ಉತ್ತರ ಯಾವುದು, ಇಳಿಜಾರು ಎಷ್ಟು ಎಂದು ಗುರುತು ಹಾಕಿಕೊಳ್ಳಬೇಕು. ಆಮೇಲೆ ಪ್ರಯೋಗಾಲಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಸಿ ಮಾಡುತ್ತ, ಸಿಡಿಲು ಬಡಿದು ಅಥವಾ ಕಾಲಾಂತರದಲ್ಲಿ ಮೇಲಿಂದ ಅಂಟಿಕೊಂಡ ಕಾಂತತೆಯನ್ನು ತೊಡೆದುಹಾಕಬೇಕು. ಕೊನೆಗೆ ಉಳಿಯುವುದೇ ಲಾವಾ ತಣಿದ ದಿನದ ದಿಕ್ಕು.

ಸಹ್ಯಾದ್ರಿಯ ಘಟ್ಟದ ದಾರಿಗಳಲ್ಲಿ ಹೀಗೆ ಪದರ ಪದರ ಅಳೆಯುತ್ತ ಹತ್ತಿದವರಿಗೆ ಕಂಡದ್ದು ಇದು: ಕೆಳಗಿನ ನೂರಾರು ಮೀಟರ್ ಕಲ್ಲಿನಲ್ಲಿ ದಿಕ್ಕು ಆಗ್ನೇಯಕ್ಕೆ ಮುಖಮಾಡಿ ನೆಲಕ್ಕೆ ಬಾಗಿದೆ, ಅಂದರೆ ತಿರುಗುಮುರುಗು. ಮಹಾಬಲೇಶ್ವರದ ಎತ್ತರಕ್ಕೆ ಬರುವಾಗ ಮೇಲಿನ ಪದರಗಳಲ್ಲಿ ಅದು ಬದಲಾಗಿ ಉತ್ತರದ ಕಡೆ ಹೊರಳಿದೆ. ಒಂದು ಅದಲುಬದಲು ಆ ಗೋಡೆಯಲ್ಲೇ ದಾಖಲಾಗಿ ನಿಂತಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ದಖನ್ ಲಾವಾ ಎಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು ಎಂದಷ್ಟೇ ಬರುತ್ತದೆ. ಈ ಕಥೆಯನ್ನೂ ಮಕ್ಕಳಿಗೆ ಹೇಳಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಇದೇ ಸಾಕ್ಷಿ ಕಡಲ ತಳದಲ್ಲೂ ಇದೆ. 1963ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಸಾಗರತಳದ ಕಲ್ಲಿನಲ್ಲಿ ನೇರ ಮತ್ತು ತಿರುಗಿದ ಕಾಂತಪಟ್ಟಿಗಳು ಸಾಲಾಗಿ ಇರುವುದಕ್ಕೆ ಕಾರಣ ಹೇಳಿದರು: ಸಾಗರದ ನಡುವಿನ ಬಿರುಕಿನಲ್ಲಿ ಹೊಸ ನೆಲ ಹುಟ್ಟುತ್ತ ಎರಡೂ ಕಡೆಗೆ ಸರಿಯುತ್ತದೆ, ಹುಟ್ಟಿದ ಹೊತ್ತಿನ ದಿಕ್ಕನ್ನು ಹೊತ್ತುಕೊಂಡೇ ಸರಿಯುತ್ತದೆ. ಖಂಡಗಳು ಚಲಿಸುತ್ತವೆ ಎಂಬುದಕ್ಕೆ ಸಿಕ್ಕ ಅತಿ ಗಟ್ಟಿ ಪುರಾವೆಗಳಲ್ಲಿ ಅದೊಂದು.

ತಪ್ಪು ಕಲ್ಪನೆ: ರಾತ್ರಿ ಬೆಳಗಾಗುವುದರೊಳಗೆ ಆಗಿಬಿಡುತ್ತದೆ

ಒಂದು ಅದಲುಬದಲು ಮುಗಿಯಲು ಸಾಮಾನ್ಯವಾಗಿ ಸಾವಿರಾರು ವರ್ಷ ಬೇಕು. ನಡುನಡುವೆ ಕೆಲವು ಘಟ್ಟಗಳು ಚುರುಕಾಗಿರಬಹುದು, ಆದರೂ ಅದು ತಲೆಮಾರುಗಳ ಲೆಕ್ಕ. ಆ ಅವಧಿಯಲ್ಲಿ ಕ್ಷೇತ್ರ ಪೂರ್ತಿ ಮಾಯವಾಗುವುದೂ ಇಲ್ಲ. ಎರಡು ಧ್ರುವಗಳ ಸರಳ ವಿನ್ಯಾಸ ಕದಡಿ ಹಲವು ಧ್ರುವಗಳ ಗೊಂದಲದ ವಿನ್ಯಾಸ ಬರುತ್ತದೆ, ಬಲ ತೀರಾ ಕುಗ್ಗುತ್ತದೆ, ಆಮೇಲೆ ಹೊಸ ದಿಕ್ಕಿನಲ್ಲಿ ನೆಲೆಗೊಳ್ಳುತ್ತದೆ. ಕೆಲವೊಮ್ಮೆ ಅರ್ಧ ದಾರಿ ಹೋಗಿ ಹಳೆಯ ದಿಕ್ಕಿಗೇ ಮರಳುವುದೂ ಉಂಟು. ಸುಮಾರು 41,000 ವರ್ಷಗಳ ಹಿಂದಿನ ಅಂಥ ಒಂದು ಘಟನೆಯ ಗುರುತು ಫ್ರಾನ್ಸಿನ ಲಶಾಂಪ್ ಎಂಬ ಹಳ್ಳಿಯ ಲಾವಾದಲ್ಲಿ ಮೊದಲು ಸಿಕ್ಕಿತು.

ಸೂರ್ಯನ ಕಾಂತಧ್ರುವಗಳು ಸುಮಾರು 11 ವರ್ಷಕ್ಕೊಮ್ಮೆ ಅದಲುಬದಲಾಗುತ್ತವೆ. ಆ ಸುದ್ದಿಯನ್ನೇ ಭೂಮಿಗೆ ಅಂಟಿಸಿ ಕಳಿಸುವುದು ಈಚೆಗೆ ಹೆಚ್ಚಾಗಿದೆ. ಎರಡಕ್ಕೂ ಸಂಬಂಧವಿಲ್ಲ.

ತಪ್ಪು ಕಲ್ಪನೆ: ವಿಕಿರಣಕ್ಕೆ ಜೀವಸಂಕುಲ ನಾಶವಾಗುತ್ತದೆ

ಹೆಚ್ಚು ಜನರನ್ನು ಹೆದರಿಸಿರುವುದು ಇದು. ಹಾಗಾಗಿ ಸ್ವಲ್ಪ ನಿಂತು ನೋಡಬೇಕು.

ಭೂಕಾಂತಕ್ಷೇತ್ರ ಸೌರಮಾರುತವನ್ನೂ ವಿಶ್ವಕಿರಣಗಳ ಒಂದು ಪಾಲನ್ನೂ ತಿರುಗಿಸಿ ಕಳಿಸುತ್ತದೆ, ನಿಜ. ಆದರೆ ನೆಲದ ಮೇಲಿರುವ ನಮಗೆ ದೊಡ್ಡ ರಕ್ಷಣೆ ವಾತಾವರಣದ್ದು. ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಸುಮಾರು 10 ಮೀಟರ್ ಆಳದ ನೀರಿನ ತೂಕಕ್ಕೆ ಸಮ. ಕಾಂತಧ್ರುವ ಎಲ್ಲಿ ಹೋದರೂ ಅದು ಅಲ್ಲೇ ಇರುತ್ತದೆ. ಈಗಲೂ ಧ್ರುವಗಳ ಸಮೀಪ ಕಾಂತರೇಖೆಗಳು ನೇರ ನೆಲಕ್ಕಿಳಿಯುವುದರಿಂದ ಕಾಂತರಕ್ಷಣೆ ತೀರಾ ಕಡಿಮೆ. ಆದರೂ ನಾರ್ವೆಯ ಉತ್ತರ ತುದಿಯಲ್ಲಿ ಊರುಗಳಿವೆ, ಶಾಲೆಗಳಿವೆ. ಇನ್ನೊಂದು ಉದಾಹರಣೆ ಬ್ರೆಜಿಲ್. ದಕ್ಷಿಣ ಅಟ್ಲಾಂಟಿಕ್ ಮತ್ತು ಅದರ ಪಕ್ಕದ ನೆಲದ ಮೇಲೆ ಭೂಕಾಂತಕ್ಷೇತ್ರ ಅತ್ಯಂತ ದುರ್ಬಲ. ಬೆಂಗಳೂರಿನಲ್ಲಿ ಸುಮಾರು 40,000 ನ್ಯಾನೊಟೆಸ್ಲಾ ಇದ್ದರೆ ಅಲ್ಲಿ 22,000ದಿಂದ 23,000ದ ಸುಮಾರು. ಸಾವೊ ಪಾಲೊ ಮಹಾನಗರದ ಜನ ಅದರ ಕೆಳಗೇ ನೆಮ್ಮದಿಯಾಗಿ ಬದುಕಿದ್ದಾರೆ. ತೊಂದರೆ ಪಡುವುದು ಮೇಲೆ ಹಾರುವ ಉಪಗ್ರಹಗಳು. ಆ ಭಾಗ ದಾಟುವಾಗ ಹಬಲ್ ದೂರದರ್ಶಕ ವೀಕ್ಷಣೆ ನಿಲ್ಲಿಸುತ್ತದೆ.

ಡೈನೊಸಾರ್‌ಗಳನ್ನು ಕೊಂದದ್ದು ಧ್ರುವಗಳ ಅದಲುಬದಲು ಎಂಬ ಮಾತೂ ಕಿವಿಗೆ ಬೀಳುತ್ತದೆ. ಅದಕ್ಕೂ ಉತ್ತರ ದಖನ್ ಲಾವಾದ ಕಾಲದಲ್ಲೇ ಇದೆ. ಡೈನೊಸಾರ್‌ಗಳು ಅಳಿದದ್ದು ಮೇಲೆ ಹೇಳಿದ ತಿರುಗುಮುರುಗು ಅವಧಿಯ ನಟ್ಟನಡುವೆ. ಧ್ರುವಗಳು ಬದಲಾದದ್ದು ಅದಕ್ಕಿಂತ ಲಕ್ಷಾಂತರ ವರ್ಷ ಮೊದಲು, ಮತ್ತೆ ಹೊರಳಿದ್ದು ಲಕ್ಷಾಂತರ ವರ್ಷ ಆದಮೇಲೆ. ಆ ಎರಡೂ ತಿರುವುಗಳಲ್ಲಿ ಸಾಮೂಹಿಕ ಅಳಿವು ಕಾಣುವುದಿಲ್ಲ. ಕಳೆದ 8 ಕೋಟಿ 30 ಲಕ್ಷ ವರ್ಷಗಳಲ್ಲಿ ಸುಮಾರು 180 ಅದಲುಬದಲು ನಡೆದಿವೆ. ಪ್ರತಿಯೊಂದೂ ಜೀವಿಗಳನ್ನು ಅಳಿಸುವಂಥದ್ದಾಗಿದ್ದರೆ ಪಳೆಯುಳಿಕೆಗಳಲ್ಲಿ ಅಷ್ಟೂ ಗುರುತುಗಳು ಸಿಗಬೇಕಿತ್ತು.

ಮನುಷ್ಯನ ಪೂರ್ವಿಕರೂ ಇದನ್ನು ದಾಟಿ ಬಂದವರೇ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಣ್ಣಕಲ್ಲನ್ನು ಕೆತ್ತಿ ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಎಂಬ ಅಂದಾಜಿದೆ. ಹಾಗಿದ್ದರೆ ಅವರ ಕೈಗೆ ದಿಕ್ಸೂಚಿ ಕೊಟ್ಟಿದ್ದಲ್ಲಿ ಅದರ ಕೆಂಪು ತುದಿ ದಕ್ಷಿಣ ತೋರಿಸುತ್ತಿತ್ತು. ಚೆನ್ನೈ ಬಳಿಯ ಅತ್ತಿರಂಪಾಕ್ಕಂನಲ್ಲಿ ಪುರಾತತ್ತ್ವಜ್ಞೆ ಶಾಂತಿ ಪಪ್ಪು ಮತ್ತು ಸಂಗಡಿಗರು ಕಲ್ಲಿನಾಯುಧಗಳಿದ್ದ ಮಣ್ಣಿನ ಕಾಂತತೆಯನ್ನು ಅಳೆದಾಗ ದಿಕ್ಕು ತಿರುಗುಮುರುಗಾಗಿತ್ತು. ಆ ಆಯುಧಗಳು ಹತ್ತು ಲಕ್ಷ ವರ್ಷಕ್ಕಿಂತ ಹಳೆಯವು ಎಂದು ಸಾಧಿಸಲು ಅದೂ ಒಂದು ಆಧಾರವಾಯಿತು.

ಒಂದು ಮಾತನ್ನು ಮುಚ್ಚಿಡಬಾರದು. ಕ್ಷೇತ್ರ ಕುಗ್ಗಿದ ಕಾಲದಲ್ಲಿ ದೊಡ್ಡ ಸೌರಸ್ಫೋಟವಾದರೆ ಓಝೋನ್ ಪದರಕ್ಕೆ ಪೆಟ್ಟು ಬಿದ್ದು ನೆಲಕ್ಕಿಳಿಯುವ ನೇರಳಾತೀತ ಕಿರಣ ಹೆಚ್ಚಬಹುದು. ನ್ಯೂಜಿಲೆಂಡಿನ ಕೌರಿ ಮರದ ಉಂಗುರಗಳನ್ನು ಓದಿದ ಒಂದು ತಂಡ, ಲಶಾಂಪ್ ಘಟನೆಯೇ ಆಗಿನ ಹವಾಮಾನ ಬದಲಾವಣೆಗೆ, ನಿಯಾಂಡರ್ತಲರ ಅಳಿವಿಗೆ ನೆರವಾಯಿತು ಎಂದು 2021ರಲ್ಲಿ ವಾದಿಸಿತು. ಬೇರೆ ವಿಜ್ಞಾನಿಗಳು ಅದನ್ನು ಬಲವಾಗಿ ಪ್ರಶ್ನಿಸಿದ್ದಾರೆ. ಅದೇ ಕಾಲದಲ್ಲಿ ನಮ್ಮದೇ ಜಾತಿಯ ಮನುಷ್ಯರು ಉಳಿದು ಬೆಳೆದದ್ದನ್ನಂತೂ ಯಾರೂ ಅಲ್ಲಗಳೆಯುವಂತಿಲ್ಲ.

ತಪ್ಪು ಕಲ್ಪನೆ: ಮಂಗಳದಂತೆ ನಮ್ಮ ಗಾಳಿಯೂ ಹಾರಿಹೋಗುತ್ತದೆ

ಮಂಗಳ ತನ್ನ ಕಾಂತಕ್ಷೇತ್ರ ಕಳೆದುಕೊಂಡು ಕೋಟಿಗಟ್ಟಲೆ ವರ್ಷಗಳೇ ಆಗಿವೆ. ಅದು ಚಿಕ್ಕ ಗ್ರಹ, ಗುರುತ್ವ ಕಡಿಮೆ. ಗಾಳಿ ಸೋರಿದ್ದು ಅಷ್ಟು ದೀರ್ಘ ಕಾಲದಲ್ಲಿ. ಶುಕ್ರನಿಗೆ ಸ್ವಂತ ಕಾಂತಕ್ಷೇತ್ರವೇ ಇಲ್ಲ, ಅದರ ವಾತಾವರಣ ನಮ್ಮದಕ್ಕಿಂತ ಸುಮಾರು 90 ಪಟ್ಟು ಒತ್ತಡದ್ದು. ಕೆಲವು ಸಾವಿರ ವರ್ಷದ ದುರ್ಬಲತೆಗೆ ಭೂಮಿ ಮಂಗಳವಾಗದು.

ತಪ್ಪು ಕಲ್ಪನೆ: ಅವಧಿ ಮೀರಿದೆ, ಅದು ಈಗಾಗಲೇ ಶುರುವಾಗಿದೆ

ಅದಲುಬದಲಿಗೆ ವೇಳಾಪಟ್ಟಿ ಇಲ್ಲ. ಡೈನೊಸಾರ್‌ಗಳ ಕಾಲದಲ್ಲಿ ಒಮ್ಮೆ ಸುಮಾರು ಮೂರೂವರೆ ಕೋಟಿ ವರ್ಷಕ್ಕೂ ಹೆಚ್ಚು ಕಾಲ ಒಂದೂ ಅದಲುಬದಲು ಆಗಲಿಲ್ಲ. ಈಚಿನ ಯುಗದಲ್ಲಿ ಹತ್ತು ಲಕ್ಷ ವರ್ಷಕ್ಕೆ ನಾಲ್ಕೈದರ ಸರಾಸರಿ ಬರುತ್ತದೆ. ಸರಾಸರಿ ಎಂದರೆ ಗಡುವಲ್ಲ.

ಉತ್ತರ ಕಾಂತಧ್ರುವ ಕಳೆದ ಶತಮಾನದ ಬಹುಭಾಗ ವರ್ಷಕ್ಕೆ 10-15 ಕಿ.ಮೀ. ಸರಿಯುತ್ತಿತ್ತು. 2000ದ ಆಚೀಚೆ ಅದು 50 ಕಿ.ಮೀ. ದಾಟಿತು. ಇದರಿಂದ ಲೆಕ್ಕ ತಪ್ಪುತ್ತಿದೆ ಎಂದು, ದಿಕ್ಸೂಚಿಗಳನ್ನು ಸರಿಪಡಿಸಲು ಬಳಸುವ ವಿಶ್ವ ಕಾಂತ ಮಾದರಿಯನ್ನು 2019ರಲ್ಲಿ ಅವಧಿಗೆ ಮುಂಚೆಯೇ ತಿದ್ದಬೇಕಾಯಿತು. ಹೆದರಿಸುವ ವಿಡಿಯೊಗಳೆಲ್ಲ ಇಲ್ಲಿಗೇ ನಿಲ್ಲುತ್ತವೆ. ಆಮೇಲೆ ಆ ವೇಗ 35 ಕಿ.ಮೀ. ಸುಮಾರಿಗೆ ಇಳಿದದ್ದನ್ನು ಹೇಳುವುದಿಲ್ಲ. ಧ್ರುವದ ಈ ಓಟಕ್ಕೆ ಕಾರಣ ಕೆನಡಾ ಮತ್ತು ಸೈಬೀರಿಯಾದ ಅಡಿಯಲ್ಲಿ ತಿರುಳಿನ ಅಂಚಿನಲ್ಲಿರುವ ಎರಡು ಬಲವಾದ ಕಾಂತವಲಯಗಳ ನಡುವಿನ ಎಳೆದಾಟ. ದಕ್ಷಿಣ ಕಾಂತಧ್ರುವ ಅಷ್ಟು ಓಡುತ್ತಲೇ ಇಲ್ಲ.

ಕ್ಷೇತ್ರದ ಬಲ 1840ರ ಹೊತ್ತಿನಿಂದ ಶೇಕಡ 9ರಷ್ಟು ಇಳಿದಿರುವುದೂ ನಿಜ. ಆದರೆ ಇಳಿದ ಮೇಲೂ ಅದು ಲಕ್ಷಾಂತರ ವರ್ಷಗಳ ಸರಾಸರಿಗಿಂತ ಮೇಲೇ ಇದೆ. ಹಳೆಯ ಮಡಕೆ, ಲಾವಾ, ಕೆರೆಕಡಲಿನ ಹೂಳು ಇವುಗಳಿಂದ ಕಳೆದ 9,000 ವರ್ಷಗಳ ಕ್ಷೇತ್ರವನ್ನು ಮತ್ತೆ ಕಟ್ಟಿದ 2022ರ ಅಧ್ಯಯನವೊಂದು, ದಕ್ಷಿಣ ಅಟ್ಲಾಂಟಿಕ್‌ನಂಥ ದುರ್ಬಲ ವಲಯಗಳು ಹಿಂದೆಯೂ ಬಂದುಹೋಗಿವೆ, ಸದ್ಯಕ್ಕೆ ಅದಲುಬದಲಿನ ಲಕ್ಷಣ ಇಲ್ಲ ಎಂದಿದೆ. ಯುರೋಪಿನ ಸ್ವಾರ್ಮ್ ಉಪಗ್ರಹಗಳು 2013ರಿಂದ ಈ ಕ್ಷೇತ್ರವನ್ನು ಬಿಡದೆ ಅಳೆಯುತ್ತಿವೆ. ಮುಚ್ಚಿಡುವ ಮಾತೇ ಇಲ್ಲ, ಆ ದತ್ತಾಂಶ ಎಲ್ಲರಿಗೂ ತೆರೆದಿದೆ.

ತಪ್ಪು ಕಲ್ಪನೆ: ಹಕ್ಕಿ, ಆಮೆಗಳು ದಾರಿ ತಪ್ಪಿ ಸಾಯುತ್ತವೆ, ವಿಮಾನ ಹಾರುವುದೇ ಇಲ್ಲ

ಕಡಲಾಮೆಗಳು ಭೂಕಾಂತಕ್ಷೇತ್ರವನ್ನು ಗ್ರಹಿಸುತ್ತವೆ ಎಂಬುದು ಪ್ರಯೋಗಗಳಿಂದ ಸಾಬೀತಾಗಿದೆ. ಹೊನ್ನಾವರ, ಕುಂದಾಪುರದ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಗಳೂ ಆ ಕುಲದವೇ. ಕಡಲಾಮೆಗಳ ವಂಶ ಹತ್ತು ಕೋಟಿ ವರ್ಷಕ್ಕೂ ಹಳೆಯದು. ಆ ನೂರಾರು ಅದಲುಬದಲುಗಳನ್ನೂ ದಾಟಿ ಅದು ಇಲ್ಲಿಯವರೆಗೆ ಬಂದಿದೆ. ಬದಲಾವಣೆ ನಿಧಾನವಾದ್ದರಿಂದ ತಲೆಮಾರು ತಲೆಮಾರಾಗಿ ಹೊಂದಿಕೊಳ್ಳಲು ಸಮಯವಿದೆ. ಇವತ್ತು ಅವುಗಳ ಪ್ರಾಣಕ್ಕೆ ಕುತ್ತು ಬಲೆ, ಪ್ಲಾಸ್ಟಿಕ್ ಮತ್ತು ಕಡಲತೀರದ ಕಟ್ಟಡಗಳಿಂದ.

ಜಿಪಿಎಸ್ ಕೆಲಸ ಮಾಡುವುದು ಉಪಗ್ರಹಗಳ ರೇಡಿಯೊ ಸಂಕೇತದಿಂದ, ಕಾಂತದಿಂದಲ್ಲ. ಮೊಬೈಲಿನ ದಿಕ್ಸೂಚಿ ಕಾಂತವನ್ನು ನಂಬಿದೆ, ಆದರೆ ಅದರ ಮಾದರಿಯನ್ನು ಕೆಲವು ವರ್ಷಕ್ಕೊಮ್ಮೆ ನವೀಕರಿಸುತ್ತಲೇ ಇರುತ್ತಾರೆ. ಬೆಂಗಳೂರಿನ ರನ್‌ವೇಗಳಿಗೆ 09, 27 ಎಂಬ ಸಂಖ್ಯೆ ಬಂದದ್ದು ಕಾಂತದಿಕ್ಕಿನ ಲೆಕ್ಕದಲ್ಲಿ. ಧ್ರುವ ಸರಿದದ್ದಕ್ಕೆ ಅಮೆರಿಕದ ಕೆಲವು ವಿಮಾನ ನಿಲ್ದಾಣಗಳು ಆ ಅಂಕಿಗಳನ್ನು ಅಳಿಸಿ ಹೊಸದಾಗಿ ಬರೆದಿವೆ.

ತಪ್ಪು ಕಲ್ಪನೆ: ರಕ್ತದ ಕಬ್ಬಿಣವನ್ನು ಧ್ರುವ ಎಳೆಯುತ್ತದೆ, ಆದ್ದರಿಂದ ಉತ್ತರಕ್ಕೆ ತಲೆ ಹಾಕಿ ಮಲಗಬಾರದು

ರಕ್ತದ ಹಿಮೊಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ 1.5 ಟೆಸ್ಲಾ ಕಾಂತಕ್ಷೇತ್ರವಿರುತ್ತದೆ, ಅಂದರೆ ಬೆಂಗಳೂರಿನ ಭೂಕಾಂತಕ್ಷೇತ್ರದ ಸುಮಾರು 37,000 ಪಟ್ಟು. ಅದರಲ್ಲಿ ಮಲಗಿ ಬಂದವರ ರಕ್ತ ಯಾವ ತುದಿಗೂ ಹರಿದು ನಿಂತಿಲ್ಲ. ಹಿರಿಯರ ರೂಢಿಯನ್ನು ಗೌರವದಿಂದ ಪಾಲಿಸುವವರು ಪಾಲಿಸಲಿ, ಅದಕ್ಕೆ ಇಲ್ಲದ ಭೌತವಿಜ್ಞಾನವನ್ನು ಅಂಟಿಸುವುದು ಬೇಡ.

ತಪ್ಪು ಕಲ್ಪನೆ: ಹಾಗಾದರೆ ಚಿಂತಿಸುವಂಥದ್ದೇನೂ ಇಲ್ಲ

ಇದೂ ತಪ್ಪೇ. ಕ್ಷೇತ್ರ ಕುಗ್ಗಿದಾಗ ಪೆಟ್ಟು ಬೀಳುವುದು ನಮ್ಮ ದೇಹಕ್ಕಿಂತ ಹೆಚ್ಚಾಗಿ ನಮ್ಮ ತಂತಿಗಳಿಗೆ.

ಸೂರ್ಯನಿಂದ ಸಿಡಿದ ಕಾಂತೀಯ ಮೋಡ ಭೂಮಿಗೆ ಬಡಿದಾಗ ಭೂಕಾಂತಕ್ಷೇತ್ರ ನಡುಗುತ್ತದೆ. ಆ ನಡುಕ ಉದ್ದನೆಯ ವಿದ್ಯುತ್ ಮಾರ್ಗಗಳಲ್ಲಿ ಬೇಡದ ಪ್ರವಾಹ ಹುಟ್ಟಿಸುತ್ತದೆ. ಅದು ನೆಲಕ್ಕೆ ಜೋಡಿಸಿದ ತುದಿಯಿಂದ ಟ್ರಾನ್ಸ್‌ಫಾರ್ಮರ್ ಒಳಹೊಕ್ಕು ಬಿಸಿಯೇರಿಸುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಹೀಗೆ ಒಂದೂವರೆ ನಿಮಿಷದಲ್ಲಿ ಕುಸಿದು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. 2022ರ ಫೆಬ್ರುವರಿಯಲ್ಲಿ ಇಂಥದೇ ಒಂದು ಸಾಧಾರಣ ಸೌರಬಿರುಗಾಳಿಗೇ ಮೇಲಿನ ಗಾಳಿ ಉಬ್ಬಿ, ಆಗಷ್ಟೇ ಹಾರಿಸಿದ್ದ ಮೂವತ್ತಕ್ಕೂ ಹೆಚ್ಚು ಸ್ಟಾರ್‌ಲಿಂಕ್ ಉಪಗ್ರಹಗಳು ಕೆಳಗೆ ಬಿದ್ದು ಉರಿದುಹೋದವು.

ಕಾಂತಸಮಭಾಜಕಕ್ಕೆ ಹತ್ತಿರವಿರುವ ದಕ್ಷಿಣ ಭಾರತಕ್ಕೆ ಈಗ ಈ ಅಪಾಯ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1859ರ ಸೆಪ್ಟೆಂಬರ್ 2ರ ಮಹಾ ಸೌರಬಿರುಗಾಳಿಯಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯದವರು ಕಣ್ಣಿಟ್ಟು ನೋಡಿ ಬರೆದಿಟ್ಟ ಅಳತೆಯಲ್ಲಿ ಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. ಮುಂಬೈಗೆ ವಿದ್ಯುತ್ ಟ್ರಾಮ್ ಬರಲಿದೆ, ಅಳತೆ ಕೆಡುತ್ತದೆ ಎಂದು ಆ ಕೆಲಸವನ್ನು 1904ರಲ್ಲಿ ಅಲಿಬಾಗ್‌ಗೆ ಸಾಗಿಸಿದರು. ಅಲ್ಲಿ ಅದು ಇಂದಿಗೂ ನಡೆದಿದೆ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಕೆಂಪು ಧ್ರುವಪ್ರಭೆ ಸಿಕ್ಕಿತ್ತು.

ಅದಲುಬದಲಿನ ಕಾಲದಲ್ಲಿ ಇಂಥ ಪ್ರಭೆ ಯಾವ ಅಕ್ಷಾಂಶದಲ್ಲಾದರೂ ಕಾಣಿಸಬಹುದು. ಅದರ ಜೊತೆಗೆ ಇವತ್ತು ಕೆನಡಾ, ಸ್ವೀಡನ್ನಿನ ತಲೆನೋವಾಗಿರುವುದು ಎಲ್ಲರ ತಲೆನೋವಾಗುತ್ತದೆ. ಉಪಗ್ರಹಗಳ ಆಯಸ್ಸು ಇಳಿಯುತ್ತದೆ, ಎತ್ತರದಲ್ಲಿ ಹಾರುವ ವಿಮಾನ ಸಿಬ್ಬಂದಿಗೆ ವಿಕಿರಣ ಹೆಚ್ಚುತ್ತದೆ. ಎದುರಿಸುವ ದಾರಿಗಳು ಈಗಲೇ ಗೊತ್ತಿವೆ: ತಡೆದುಕೊಳ್ಳಬಲ್ಲ ಟ್ರಾನ್ಸ್‌ಫಾರ್ಮರ್‌ಗಳು, ಬಿಡಿ ಟ್ರಾನ್ಸ್‌ಫಾರ್ಮರ್‌ಗಳ ದಾಸ್ತಾನು, ಸೂರ್ಯನ ಮೇಲೆ ಕಾವಲು. 2023ರ ಸೆಪ್ಟೆಂಬರ್ 2ರಂದು ಹಾರಿದ ಭಾರತದ ಸೌರವೀಕ್ಷಣಾ ನೌಕೆ ಆದಿತ್ಯ-ಎಲ್1 ಅಂಥ ಕಾವಲಿನ ಕೆಲಸದಲ್ಲಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲವೂ ಸೇರಿ ಇಡೀ ದೇಶ ಒಂದೇ ವಿದ್ಯುತ್ ಜಾಲವಾಗಿದೆ. ಅದನ್ನು ಸೌರಬಿರುಗಾಳಿಗೆ ಸಜ್ಜುಗೊಳಿಸಲು ಧ್ರುವಗಳು ತಿರುಗುವವರೆಗೆ ಕಾಯಬೇಕಿಲ್ಲ. ದೊಡ್ಡ ಸೌರಬಿರುಗಾಳಿ ಈ ಹತ್ತು ವರ್ಷಗಳಲ್ಲೇ ಬರಬಹುದು, ಧ್ರುವಗಳ ಅದಲುಬದಲಿಗೆ ಸಾವಿರಾರು ವರ್ಷ ಬೇಕು. ಧ್ರುವಪ್ರಳಯದ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಕಾಲಲೆಕ್ಕವನ್ನು ತಿಳಿಸಿ ಹೇಳಿ.